ಮೆದುಳಿನ ವೈದ್ಯ ಹಾರ್ವೆ ಕುಷಿಂಗ್

ಸಕಲೇಶಪುರದ ಮಲೆಗಳ ನಡುವೆ ಇರುವ ವನಗೂರಿನ ಸುತ್ತಮುತ್ತ ಕಾಫಿ ತೋಟಗಳು ಹಬ್ಬಿವೆ. ತೋಟದ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿರುತ್ತಾರೆ. ಕೊಯ್ಲಿನ ಕಾಲದಲ್ಲಿ ಉದ್ದನೆಯ ಏಣಿಯನ್ನಿಟ್ಟು ಮೇಲೇರಿದ ಕೆಲಸಗಾರನು ಕಾಲು ಜಾರಿ ಬಿದ್ದರೆ ತಲೆಗೋ ಬೆನ್ನುಮೂಳೆಗೋ ಪೆಟ್ಟಾಗುವುದುಂಟು. ಅಂತಹವನನ್ನು ಆಸ್ಪತ್ರೆಗೆ ಕೊಂಡೊಯ್ದಾಗ ದಾದಿಯು ಅವನ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯುತ್ತಾಳೆ, ನಾಡಿಯನ್ನು ಎಣಿಸುತ್ತಾಳೆ, ಸ್ವಲ್ಪ ಸ್ವಲ್ಪ ಹೊತ್ತಿಗೆ ಮತ್ತೆ ಮತ್ತೆ ಅಳೆದು ಹಾಳೆಯ ಮೇಲೆ ಗುರುತು ಹಾಕುತ್ತಾಳೆ. ನೋಡುವವರಿಗೆ ಇದು ತೀರ ಸಾಮಾನ್ಯವಾದ ಕೆಲಸ. ಆದರೆ ಪೆಟ್ಟು ಬಿದ್ದಿರುವುದು ತಲೆಗೆ, ಅಳೆಯುವುದು ತೋಳಿನಲ್ಲಿ! ಮುಚ್ಚಿದ ತಲೆಬುರುಡೆಯೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದಲೇ ಅರಿಯುವ ಈ ದಾರಿಯನ್ನು ತೋರಿಸಿಕೊಟ್ಟವರು, ಮೆದುಳು ಮತ್ತು ನರಗಳ ಶಸ್ತ್ರಚಿಕಿತ್ಸೆಯನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ಕಟ್ಟಿ ನಿಲ್ಲಿಸಿದವರು, ಅಮೆರಿಕದ ವೈದ್ಯರಾದ ಹಾರ್ವೆ ಕುಷಿಂಗ್.

ಹಾರ್ವೆ ಕುಷಿಂಗ್ ಹುಟ್ಟಿದ್ದು ೧೮೬೯ನೆಯ ಇಸವಿ ಏಪ್ರಿಲ್ ೮ರಂದು, ಅಮೆರಿಕದ ಓಹಿಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ. ಹತ್ತು ಮಂದಿ ಮಕ್ಕಳಲ್ಲಿ ಅವನೇ ಕೊನೆಯವನು. ತಂದೆ, ಅಜ್ಜ, ಮುತ್ತಜ್ಜ ಮೂವರೂ ವೈದ್ಯರು. ಹೀಗೆ ವೈದ್ಯವೃತ್ತಿ ಅವನಿಗೆ ಮನೆತನದ ಬಳುವಳಿಯಾಗಿಯೇ ಬಂದಿತ್ತು. ಆದರೆ ಬಾಲಕ ಹಾರ್ವೆ ಸದಾ ಪುಸ್ತಕಕ್ಕೆ ಅಂಟಿಕೊಂಡವನಲ್ಲ. ಆಟದ ಬಯಲು ಅವನಿಗೆ ಪ್ರಿಯವಾಗಿತ್ತು. ಚಿತ್ರ ಬರೆಯುವುದರಲ್ಲಿಯೂ ಅವನ ಕೈ ನುರಿತಿತ್ತು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವನು ಬೇಸ್‌ಬಾಲ್ ತಂಡದ ಆಟಗಾರನಾಗಿದ್ದನು. ೧೮೯೧ರಲ್ಲಿ ಅಲ್ಲಿನ ಪದವಿ ಪಡೆದು ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿದನು.

ಅಲ್ಲಿ ಅವನ ಬಾಳಿನ ದಿಕ್ಕನ್ನು ನಿರ್ಧರಿಸಿದ ಘಟನೆಯೊಂದು ನಡೆಯಿತು. ಆ ಕಾಲದಲ್ಲಿ ರೋಗಿಗೆ ಈಥರ್ ಎಂಬ ಮದ್ದಿನ ಆವಿಯನ್ನು ಮೂಸಿಸಿ ಪ್ರಜ್ಞೆ ತಪ್ಪಿಸುವ ಹೊಣೆಯನ್ನು ಏನೂ ಅನುಭವವಿಲ್ಲದ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ೧೮೯೩ರಲ್ಲಿ ಒಂದು ದಿನ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಆ ಕೆಲಸ ಹಾರ್ವೆಯ ಪಾಲಿಗೆ ಬಂದಿತು. ಅವನು ಈಥರ್ ಕೊಡುತ್ತಿದ್ದಂತೆಯೇ ರೋಗಿಯ ಪ್ರಾಣ ಹೋಯಿತು. ಆ ರೋಗಿ ಹೇಗೂ ಬದುಕುವಂತಿರಲಿಲ್ಲವೆಂದು ಹಿರಿಯರು ಸಮಾಧಾನ ಹೇಳಿದರು. ತರುಣನ ಮನಸ್ಸು ಒಪ್ಪಲಿಲ್ಲ. ವೈದ್ಯಶಿಕ್ಷಣವನ್ನೇ ಬಿಟ್ಟುಬಿಡಬೇಕೆಂದು ಅವನು ಯೋಚಿಸಿದನು.

ಆದರೆ ಅವನು ಬಿಟ್ಟು ಓಡಲಿಲ್ಲ. ಇಂತಹ ಸಾವುಗಳನ್ನು ತಡೆಯುವುದು ಹೇಗೆಂದು ಚಿಂತಿಸಿದನು. ಎರ್ನೆಸ್ಟ್ ಆಮೋರಿ ಕಾಡ್‌ಮನ್ ಎಂಬ ಸಹಪಾಠಿಯೂ ಅವನೊಡನೆ ಸೇರಿದನು. ಯಾರು ಹೆಚ್ಚು ಸುರಕ್ಷಿತವಾಗಿ ಈಥರ್ ಕೊಡುವರೆಂದು ಗೆಳೆಯರಿಬ್ಬರೂ ಒಂದು ಊಟದ ಪಣ ಕಟ್ಟಿಕೊಂಡರು. ಶಸ್ತ್ರಕ್ರಿಯೆ ನಡೆಯುವಷ್ಟು ಹೊತ್ತೂ ರೋಗಿಯ ನಾಡಿಬಡಿತವನ್ನೂ ಉಸಿರಾಟವನ್ನೂ ಎಣಿಸಿ ಹಾಳೆಯ ಮೇಲೆ ಗುರುತಿಸತೊಡಗಿದರು. ಏರುಪೇರು ಕಂಡಕೂಡಲೇ ಎಚ್ಚರಗೊಳ್ಳಲು ಇದರಿಂದ ಸಾಧ್ಯವಾಯಿತು. ೧೮೯೪ರಲ್ಲಿ ಮೊದಲಾದ ಈ ಈಥರ್ ಪಟ್ಟಿಗಳೇ ಇಂದು ಎಲ್ಲ ಶಸ್ತ್ರಚಿಕಿತ್ಸಾಲಯಗಳಲ್ಲಿ ಇಡುವ ಅರಿವಳಿಕೆಯ ದಾಖಲೆಗೆ ಮೂಲ. ತಾನು ಕಂಡ ಒಂದು ಸಾವನ್ನು ಮುಂದಿನ ಅಸಂಖ್ಯಾತ ಜೀವಗಳ ರಕ್ಷಣೆಗೆ ಕಾರಣವಾಗಿಸಿದ್ದು ಆ ವಿದ್ಯಾರ್ಥಿಯ ದೊಡ್ಡತನ.

೧೮೯೫ರಲ್ಲಿ ವೈದ್ಯಪದವಿ ಪಡೆದ ಕುಷಿಂಗರು ಮರುವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಬಂದರು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಹೆಸರಾಂತ ಶಸ್ತ್ರವೈದ್ಯರು ಅವರ ಗುರುಗಳಾದರು. ಹಿಂದಿನ ಶಸ್ತ್ರವೈದ್ಯರಿಗೆ ವೇಗವೇ ಹೆಮ್ಮೆಯಾಗಿತ್ತು. ಹಾಲ್‌ಸ್ಟೆಡ್ಡರಾದರೋ ಅವಸರವಿಲ್ಲದೆ, ಒಂದು ಹನಿ ರಕ್ತವೂ ವ್ಯರ್ಥವಾಗದಂತೆ, ಅಂಗಾಂಶಗಳಿಗೆ ಎಳ್ಳಷ್ಟೂ ಘಾಸಿಯಾಗದಂತೆ ಕೆಲಸ ಮಾಡುತ್ತಿದ್ದರು. ಈ ತಾಳ್ಮೆಯ ಪಾಠವೇ ಕುಷಿಂಗರಿಗೆ ಮುಂದೆ ಮೆದುಳಿನ ಬಾಗಿಲನ್ನು ತೆರೆಯಿತು. ಕ್ಷ-ಕಿರಣಗಳು ಆಗತಾನೆ ಬೆಳಕಿಗೆ ಬಂದಿದ್ದುವು. ಕುಷಿಂಗರು ಅವುಗಳ ನೆರವಿನಿಂದ ರೋಗಿಯೊಬ್ಬರ ಬೆನ್ನುಮೂಳೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡನ್ನು ಗುರುತಿಸಿದರು. ಬೆನ್ನುಹುರಿಯ ಇಂತಹ ಗಾಯಗಳನ್ನು ಕುರಿತು ೧೮೯೮ರಲ್ಲಿ ಲೇಖನವನ್ನೂ ಪ್ರಕಟಿಸಿದರು. ಮುಖದ ನರದಲ್ಲಿ ಹುಟ್ಟಿ ಮಿಂಚಿನಂತೆ ಹೊಡೆಯುವ ಘೋರವಾದ ನೋವಿಗೂ ಶಸ್ತ್ರಕ್ರಿಯೆಯ ಹೊಸ ಮಾರ್ಗವೊಂದನ್ನು ಕಂಡುಹಿಡಿದರು.

೧೯೦೦ರಲ್ಲಿ ಕುಷಿಂಗರು ಯುರೋಪಿನ ಪ್ರವಾಸ ಕೈಗೊಂಡರು. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಥಿಯೋಡೋರ್ ಕೋಕರ್ ಎಂಬ ಶಸ್ತ್ರವೈದ್ಯರ ಬಳಿ ಒಂದು ಮಹತ್ವದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ತಲೆಬುರುಡೆ ಎಂಬುದು ಹಿಗ್ಗದ ಗಟ್ಟಿ ಪೆಟ್ಟಿಗೆ. ಅದರೊಳಗೆ ರಕ್ತ ಸೋರಿದರೆ, ಗಡ್ಡೆ ಬೆಳೆದರೆ, ಮೆದುಳು ಊದಿಕೊಂಡರೆ, ಒಳಗಿನ ಒತ್ತಡ ಹೆಚ್ಚುತ್ತದೆ. ಆಗ ಮೆದುಳಿಗೆ ರಕ್ತ ಹರಿಯುವುದು ಕಷ್ಟವಾಗುತ್ತದೆ. ಆ ಅಡ್ಡಿಯನ್ನು ಮೀರಿ ರಕ್ತವನ್ನು ಮೇಲಕ್ಕೆ ತಳ್ಳಲು ದೇಹವು ತನ್ನ ರಕ್ತದೊತ್ತಡವನ್ನು ಏರಿಸುತ್ತದೆ. ನಾಡಿಯ ಬಡಿತ ಮಾತ್ರ ನಿಧಾನವಾಗುತ್ತದೆ. ಕುಷಿಂಗರು ಪ್ರಯೋಗಗಳ ಮೂಲಕ ಈ ಸಂಬಂಧವನ್ನು ಸ್ಪಷ್ಟಪಡಿಸಿದರು. ಇಂದಿಗೂ ಇದಕ್ಕೆ ಕುಷಿಂಗ್ ಪ್ರತಿಕ್ರಿಯೆ ಎಂದೇ ಹೆಸರು. ತಲೆಗೆ ಪೆಟ್ಟಾದವನ ರಕ್ತದೊತ್ತಡ ಏರುತ್ತ ನಾಡಿ ಇಳಿಯುತ್ತ ಹೋದರೆ ಅಪಾಯ ಸಮೀಪಿಸಿತೆಂದು ವೈದ್ಯರು ತಿಳಿಯುವುದು ಇದರಿಂದಲೇ.

ಅದೇ ಪ್ರವಾಸದಲ್ಲಿ ಇಟಲಿಯ ಪಾವಿಯಾ ನಗರಕ್ಕೆ ಹೋದಾಗ, ರೀವಾ ರೋಚಿ ಎಂಬ ವೈದ್ಯರು ನಿರ್ಮಿಸಿದ್ದ, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಸರಳವಾದ ಉಪಕರಣವನ್ನು ಕುಷಿಂಗರು ಕಂಡರು. ಅದರ ಬೆಲೆಯನ್ನು ಅವರು ಕೂಡಲೇ ಗ್ರಹಿಸಿದರು. ೧೯೦೧ರಲ್ಲಿ ತಾಯ್ನಾಡಿಗೆ ಮರಳಿ, ಅದರ ಬಳಕೆಯನ್ನು ತಮ್ಮ ಆಸ್ಪತ್ರೆಯಲ್ಲಿ ರೂಢಿಗೆ ತಂದರು.

ಆ ದಿನಗಳಲ್ಲಿ ಮೆದುಳಿನ ಶಸ್ತ್ರಕ್ರಿಯೆ ಎಂದರೆ ಸಾವಿನ ಇನ್ನೊಂದು ಹೆಸರೇ ಆಗಿತ್ತು. ಗಡ್ಡೆ ಎಲ್ಲಿದೆಯೆಂದು ನಿಖರವಾಗಿ ತಿಳಿಯುತ್ತಿರಲಿಲ್ಲ. ತಲೆಬುರುಡೆಯನ್ನು ತೆರೆದರೆ ರಕ್ತಸ್ರಾವವನ್ನು ನಿಲ್ಲಿಸುವ ಬಗೆ ಗೊತ್ತಿರಲಿಲ್ಲ. ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಬಹುಮಂದಿ ಬದುಕಿ ಉಳಿಯುತ್ತಿರಲಿಲ್ಲ. ಇಂತಹ ಕ್ಷೇತ್ರವನ್ನೇ ತಮ್ಮ ಜೀವನದ ಕೆಲಸವಾಗಿ ಆರಿಸಿಕೊಳ್ಳಲು ಅಸಾಧಾರಣವಾದ ಧೈರ್ಯ ಬೇಕು. ನರಗಳ ಶಸ್ತ್ರಚಿಕಿತ್ಸೆಗೆ ತನ್ನದೇ ಆದ ಸ್ಥಾನವಿರಬೇಕೆಂದು ೧೯೦೫ರಲ್ಲಿ ಕುಷಿಂಗರು ಬರೆದರು. ತಾವೇ ಅದಕ್ಕೆ ಮಾದರಿಯಾದರು. ರೋಗಿಯ ದೃಷ್ಟಿ, ನಡಿಗೆ, ಮಾತು, ಕೈಕಾಲುಗಳ ಶಕ್ತಿ ಎಲ್ಲವನ್ನೂ ಗಂಟೆಗಟ್ಟಲೆ ಪರೀಕ್ಷಿಸಿ ಗಡ್ಡೆಯ ಜಾಗವನ್ನು ಊಹಿಸುತ್ತಿದ್ದರು. ಶಸ್ತ್ರಕ್ರಿಯೆ ಮುಗಿದ ಮೇಲೆ, ತಾವು ಕಂಡದ್ದನ್ನು ತಮ್ಮ ಕೈಯಿಂದಲೇ ಚಿತ್ರಿಸಿ ದಾಖಲೆಗೆ ಸೇರಿಸುತ್ತಿದ್ದರು. ಬಾಲ್ಯದ ಚಿತ್ರಕಲೆ ಹೀಗೆ ವಿಜ್ಞಾನದ ಸೇವೆಗೆ ಒದಗಿತು.

೧೯೧೦ರಲ್ಲಿ ಅಮೆರಿಕದ ಸೇನಾಧಿಪತಿ ಲಿಯೊನಾರ್ಡ್ ವುಡ್ ಅವರ ಮೆದುಳಿನ ಹೊದಿಕೆಯಲ್ಲಿ ಬೆಳೆದಿದ್ದ ಗಡ್ಡೆಯನ್ನು ಕುಷಿಂಗರು ತೆಗೆದುಹಾಕಿದರು. ವುಡ್ ಗುಣಹೊಂದಿ ಮತ್ತೆ ಕೆಲಸಕ್ಕೆ ಮರಳಿದರು. ಕುಷಿಂಗರ ಕೀರ್ತಿ ಎಲ್ಲೆಡೆ ಹರಡಿತು. ಮುಂದಿನ ವರ್ಷ, ಹೊಲಿದು ಕಟ್ಟಲಾಗದ ಸಣ್ಣ ರಕ್ತನಾಳಗಳನ್ನು ಹಿಡಿದು ಮುಚ್ಚುವ ಬೆಳ್ಳಿಯ ಚಿಮುಟಿಗಳನ್ನು ಅವರು ಬಳಕೆಗೆ ತಂದರು. ೧೯೧೨ರಲ್ಲಿ ಪಿಟ್ಯುಟರಿ ಗ್ರಂಥಿಯನ್ನು ಕುರಿತ ಅವರ ಗ್ರಂಥ ಹೊರಬಂದಿತು. ಮೆದುಳಿನ ಬುಡದಲ್ಲಿ ಬಟಾಣಿಯಷ್ಟು ದೊಡ್ಡದಾಗಿರುವ ಈ ಗ್ರಂಥಿ ಕೆಟ್ಟರೆ ಇಡೀ ದೇಹದ ಬೆಳವಣಿಗೆಯೇ ಏರುಪೇರಾಗುವುದೆಂದು ಅವರು ವಿವರಿಸಿದರು. ಅದೇ ವರ್ಷ ಹಾರ್ವರ್ಡಿನ ಪ್ರಾಧ್ಯಾಪಕರಾಗಿ ಬಾಸ್ಟನ್ನಿಗೆ ಬಂದರು. ಅಲ್ಲಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆ ಅವರ ಇಪ್ಪತ್ತು ವರ್ಷಗಳ ಕರ್ಮಭೂಮಿಯಾಯಿತು.

ಮೊದಲನೆಯ ಮಹಾಯುದ್ಧ ಅವರನ್ನು ರಣರಂಗಕ್ಕೆ ಕರೆಯಿತು. ೧೯೧೭ರಲ್ಲಿ ಬೆಲ್ಜಿಯಂನ ಈಪ್ರ್ ಬಳಿಯ ಘೋರ ಕಾಳಗದಲ್ಲಿ ತಲೆಗೆ ಗಾಯವಾದ ಯೋಧರನ್ನು ಅವರು ಹಗಲಿರುಳೆನ್ನದೆ ಉಪಚರಿಸಿದರು. ಗಾಯವನ್ನು ಸಂಪೂರ್ಣವಾಗಿ ಶುಚಿಗೊಳಿಸಿ, ಮೆದುಳಿನಲ್ಲಿ ಹೊಕ್ಕ ಕಬ್ಬಿಣದ ಚೂರುಗಳನ್ನು ಅಯಸ್ಕಾಂತದಿಂದ ಸೆಳೆದು ತೆಗೆಯುವ ಕ್ರಮವನ್ನು ಅನುಸರಿಸಿದರು. ಮೊದಲ ತಿಂಗಳು ಇಂತಹ ಗಾಯಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು; ಮೂರು ತಿಂಗಳಲ್ಲಿ ಆ ಪ್ರಮಾಣ ಮೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಆದರೆ ಅವರ ಆಪ್ತಮಿತ್ರರೂ ಮಹಾವೈದ್ಯರೂ ಆದ ವಿಲಿಯಂ ಆಸ್ಲರರ ಮಗ ಆ ಯುದ್ಧದಲ್ಲಿ ಗಾಯಗೊಂಡು ಸತ್ತಾಗ, ಹತ್ತಿರದಲ್ಲಿಯೇ ಇದ್ದ ಕುಷಿಂಗರು ನಿಸ್ಸಹಾಯಕರಾಗಿದ್ದರು. ಆಸ್ಲರರ ಮರಣಾನಂತರ ಅವರು ಬರೆದ ಆಸ್ಲರರ ಜೀವನಚರಿತ್ರೆಗೆ ೧೯೨೬ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

ಸನ್ಮಾನ ಬಂದ ಆ ವರ್ಷವೇ ದುಃಖವೂ ಬಂದಿತು. ಜೂನ್ ತಿಂಗಳ ಒಂದು ಬೆಳಿಗ್ಗೆ, ಯೇಲ್‌ನಲ್ಲಿ ಓದುತ್ತಿದ್ದ ಹಿರಿಯ ಮಗ ವಿಲಿಯಂ ಮೋಟಾರು ಅಪಘಾತದಲ್ಲಿ ತೀರಿಕೊಂಡನೆಂಬ ಸುದ್ದಿ ದೂರವಾಣಿಯಲ್ಲಿ ತಲುಪಿತು. ಕುಷಿಂಗರು ಪತ್ನಿಗೆ ವಿಷಯ ತಿಳಿಸಿದರು. ಅಂದು ಅವರಿಗಾಗಿ ಆಸ್ಪತ್ರೆಯಲ್ಲಿ ರೋಗಿಯೊಬ್ಬರು ಕಾಯುತ್ತಿದ್ದರು. ಕುಷಿಂಗರು ಆಸ್ಪತ್ರೆಗೆ ಹೋಗಿ, ನಿಗದಿಯಾಗಿದ್ದ ಶಸ್ತ್ರಕ್ರಿಯೆಯನ್ನು ಮಾಡಿ ಮುಗಿಸಿದರು. ಕೆಲವರಿಗೆ ಇದು ಕಠಿಣ ಹೃದಯವೆಂದು ತೋರಬಹುದು. ಆದರೆ ಮೇಜಿನ ಮೇಲೆ ಮಲಗಿದ್ದವರೂ ಯಾವುದೋ ಮನೆಯ ದೀಪವೇ ಅಲ್ಲವೇ?

ಅದೇ ವರ್ಷ ಅಕ್ಟೋಬರ್ ೧ರಂದು ಕುಷಿಂಗರು, ವಿಲಿಯಂ ಬೋವಿ ಎಂಬ ಭೌತವಿಜ್ಞಾನಿ ನಿರ್ಮಿಸಿದ ವಿದ್ಯುತ್ ಉಪಕರಣವನ್ನು ಬಳಸಿದರು. ಇದು ವಿದ್ಯುತ್ತಿನ ಬಲದಿಂದ ಅಂಗಾಂಶವನ್ನು ಕತ್ತರಿಸುತ್ತಲೇ ರಕ್ತವನ್ನು ಹೆಪ್ಪುಗಟ್ಟಿಸುತ್ತಿತ್ತು. ಕೆಲವೇ ದಿನಗಳ ಹಿಂದೆ ರಕ್ತಸ್ರಾವದ ಭಯದಿಂದ ಅರ್ಧಕ್ಕೇ ನಿಲ್ಲಿಸಿದ್ದ ಶಸ್ತ್ರಕ್ರಿಯೆ ಇದರಿಂದ ಪೂರ್ಣಗೊಂಡಿತು. ಅಸಾಧ್ಯವೆಂದು ಕೈಬಿಟ್ಟಿದ್ದ ಹಳೆಯ ರೋಗಿಗಳನ್ನೂ ಅವರು ಮತ್ತೆ ಕರೆಸಿಕೊಂಡು ಚಿಕಿತ್ಸೆ ಮಾಡಿದರು.

ಯಶಸ್ಸಿನ ನಡುವೆಯೂ ಸೋಲುಗಳಿದ್ದುವು. ಮತ್ತೆ ಬೆಳೆದ ಗಡ್ಡೆಗಾಗಿ ೧೯೨೭ರಲ್ಲಿ ಶಸ್ತ್ರಕ್ರಿಯೆಗೆ ಒಳಗಾದ ಲಿಯೊನಾರ್ಡ್ ವುಡ್ ಬದುಕಲಿಲ್ಲ. ಕುಷಿಂಗರು ಸೋಲನ್ನು ಮರೆಮಾಚಿದವರಲ್ಲ. ಪ್ರತಿಯೊಬ್ಬ ರೋಗಿಯ ಹೆಸರು, ರೋಗ, ಚಿಕಿತ್ಸೆ, ಫಲ ಎಲ್ಲವೂ ದಾಖಲಾಗುತ್ತಿದ್ದುವು. ಈ ದಾಖಲೆಗಳನ್ನು ಜತನದಿಂದ ಕಾಪಾಡಿದವರು ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. ಕುಷಿಂಗರ ಕಚೇರಿಯಲ್ಲಿ ಸಹಾಯಕಿಯಾಗಿ ಸೇರಿದ ಆಕೆ ಬಳಿಕ ವೈದ್ಯಶಾಸ್ತ್ರವನ್ನು ಓದಿ, ಮೆದುಳಿನ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದರಲ್ಲಿ ಜಗತ್ತಿಗೇ ತಜ್ಞೆಯಾದರು. ೧೯೩೧ರ ಏಪ್ರಿಲ್‌ನಲ್ಲಿ ಕುಷಿಂಗರು ತಮ್ಮ ಎರಡು ಸಾವಿರದನೆಯ ಗಡ್ಡೆಯ ಶಸ್ತ್ರಕ್ರಿಯೆಯನ್ನು ಮಾಡಿದರು. ಆ ವೇಳೆಗೆ ಅವರ ಕೈಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು ಹತ್ತಕ್ಕೆ ಇಳಿದಿತ್ತು.

ಕುಷಿಂಗರ ಸ್ವಭಾವದಲ್ಲಿ ಒರಟುತನವೂ ಇತ್ತು. ಸಹಾಯಕರ ಸಣ್ಣ ತಪ್ಪನ್ನೂ ಅವರು ಸಹಿಸುತ್ತಿರಲಿಲ್ಲ. ಕಟುವಾದ ಮಾತಿನಿಂದ ನೋಯಿಸುತ್ತಿದ್ದರು. ಮನೆಯವರಿಗೆ ಅವರು ದೊರೆಯುತ್ತಿದ್ದುದೇ ಅಪರೂಪ. ಆದರೆ ರೋಗಿಯ ಹಾಸಿಗೆಯ ಬಳಿ ಅವರು ಬೇರೆಯೇ ಮನುಷ್ಯರು. ಶಸ್ತ್ರಕ್ರಿಯೆಯ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸವನ್ನೂ ಕೀಳೆಂದು ಬಗೆಯದೆ ಶ್ರದ್ಧೆಯಿಂದ ಮಾಡುತ್ತಿದ್ದರು. ಗುಣಹೊಂದಿ ಊರಿಗೆ ಹೋದವರೊಡನೆ ಪತ್ರವ್ಯವಹಾರ ಇಟ್ಟುಕೊಂಡು ಅವರ ಯೋಗಕ್ಷೇಮವನ್ನು ಅನೇಕ ವರ್ಷಗಳವರೆಗೂ ವಿಚಾರಿಸುತ್ತಿದ್ದರು.

೧೯೩೨ರಲ್ಲಿ ಹಾರ್ವರ್ಡಿನಿಂದ ನಿವೃತ್ತರಾದ ಕುಷಿಂಗರು ಮುಂದಿನ ವರ್ಷ ಯೇಲ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ೧೯೩೯ರ ಅಕ್ಟೋಬರ್ ೭ರಂದು ಹೃದಯಾಘಾತದಿಂದ ನಿಧನರಾದರು. ಮರಣೋತ್ತರ ಪರೀಕ್ಷೆಯಲ್ಲಿ ಒಂದು ವಿಚಿತ್ರ ಸಂಗತಿ ತಿಳಿಯಿತು. ಸಾವಿರಾರು ಮೆದುಳುಗಳಲ್ಲಿ ಗಡ್ಡೆಯನ್ನು ಹುಡುಕಿದ ಆ ವೈದ್ಯರ ಮೆದುಳಿನೊಳಗೇ ಒಂದು ಸಣ್ಣ ನೀರುಗುಳ್ಳೆ ಸದ್ದಿಲ್ಲದೆ ಅಡಗಿತ್ತು! ಅವರು ಸಂಗ್ರಹಿಸಿದ ಪುರಾತನ ಗ್ರಂಥಗಳೂ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳೂ ಯೇಲ್‌ಗೆ ಸೇರಿದುವು. ಬಹುಕಾಲ ನೆಲಮಾಳಿಗೆಯಲ್ಲಿ ಮರೆತುಹೋಗಿದ್ದ ಆ ಸಂಗ್ರಹವನ್ನು ೨೦೧೦ರಲ್ಲಿ ಜನರ ವೀಕ್ಷಣೆಗೆ ತೆರೆಯಲಾಯಿತು.

ಅವರ ನಿಜವಾದ ಸ್ಮಾರಕ ಶಿಷ್ಯಪರಂಪರೆಯಲ್ಲಿದೆ. ಅವರ ಆಸ್ಪತ್ರೆಯಲ್ಲಿ ತರಬೇತಿ ಪಡೆದವರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಒಬ್ಬರು. ಪೆನ್‌ಫೀಲ್ಡರು ಕೆನಡಾದ ಮಾಂಟ್ರಿಯಲ್‌ನಲ್ಲಿ ನರವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಅವರ ಬಳಿ ಕಲಿತ ಡಾ. ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ೧೯೫೮ರಲ್ಲಿ ಡಾ. ಆರ್. ಎಂ. ವರ್ಮಾ ಅವರು ಈ ಚಿಕಿತ್ಸೆಗೆ ನೆಲೆ ಒದಗಿಸಿದರು. ೧೯೭೪ರಲ್ಲಿ ಆ ಸಂಸ್ಥೆಯೇ ನಿಮ್ಹಾನ್ಸ್ ಆಗಿ ರೂಪುಗೊಂಡಿತು.

ಬಾಸ್ಟನ್ನಿನ ಒಬ್ಬ ವಿದ್ಯಾರ್ಥಿಯ ಮನಸ್ಸಾಕ್ಷಿಯಲ್ಲಿ ಹುಟ್ಟಿದ ಎಚ್ಚರ ಹೀಗೆ ಕಡಲುಗಳನ್ನು ದಾಟಿ ನಮ್ಮ ನಾಡಿಗೂ ಬಂದಿದೆ. ನಡೆದುಹೋದುದಕ್ಕೆ ಕೊರಗುವುದು ಎಲ್ಲರಿಗೂ ಸಹಜ. ಅದು ಮತ್ತೆ ನಡೆಯದಂತೆ ದಿನವೂ ತಾಳ್ಮೆಯಿಂದ ದುಡಿಯುವವರು ವಿರಳ. ಹಾರ್ವೆ ಕುಷಿಂಗರು ಅಂತಹ ವಿರಳರಲ್ಲಿ ಒಬ್ಬರು.