ಮುಪ್ಪು ಬಾರದ ಬೆಳ್ಳಿ ಮುಖ

ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಸಾಯುವಾಗ ಅವನಿಗೆ 75 ವರ್ಷ. ಆದರೆ ಅವನ ಬೆಳ್ಳಿ ನಾಣ್ಯಗಳನ್ನ ಸಾಲಾಗಿ ಜೋಡಿಸಿ ನೋಡಿ, ಆಸಾಮಿಗೆ ವಯಸ್ಸೇ ಆಗಿಲ್ಲ! ಕುಳ್ಳಗಿದ್ದ, ಹಲ್ಲು ಸರಿ ಇರಲಿಲ್ಲ, ಮೇಲಿಂದ ಮೇಲೆ ಕಾಯಿಲೆ ಬೀಳ್ತಿದ್ದ ಅಂತ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ನಾಣ್ಯದ ಮೇಲೆ ಮಾತ್ರ ಕೊನೆವರೆಗೂ ನುಣುಪು ಕೆನ್ನೆ. ಫಿಲ್ಟರ್ ಕಂಡುಹಿಡಿದವರು ನಾವಲ್ಲ ಬಿಡಿ.

ಹುಟ್ಟಿದ್ದು ಕ್ರಿ.ಪೂ. 63ರ ಸೆಪ್ಟೆಂಬರ್ 23ರಂದು. ಆಗಿನ ಹೆಸರು ಗಾಯಸ್ ಆಕ್ಟೇವಿಯಸ್. ನಾಲ್ಕು ವರ್ಷಕ್ಕೇ ಅಪ್ಪ ತೀರಿಕೊಂಡ. ಅಜ್ಜಿಯ ಒಡಹುಟ್ಟಿದವನು ಜೂಲಿಯಸ್ ಸೀಸರ್. ಬದುಕಿರುವಾಗಲೇ ರೋಮ್‌ನ ಟಂಕಸಾಲೆಯಿಂದ ತನ್ನ ಮುಖದ ನಾಣ್ಯ ಹೊರಡಿಸಿದ ಮೊದಲ ರೋಮನ್ ಅವನು. ಹಾಗೆ ಹೊರಡಿಸಿದ ವರ್ಷವೇ, ಅಂದರೆ ಕ್ರಿ.ಪೂ. 44ರ ಮಾರ್ಚ್ 15ರಂದು, ಅವನ ಕೊಲೆಯಾಯಿತು. ಉಯಿಲು ತೆರೆದರೆ ದತ್ತುಮಗ ಅಂತ ಈ 18ರ ಹುಡುಗನ ಹೆಸರಿತ್ತು. ನಮ್ಮ ಫಸ್ಟ್ ಇಯರ್ ವಯಸ್ಸು! ಅದೇ ಬೇಸಿಗೆ ಆಕಾಶದಲ್ಲಿ ಧೂಮಕೇತು ಕಾಣಿಸಿತು. ಜನ ಅದನ್ನ ಸೀಸರ್‌ನ ಆತ್ಮ ಅಂದುಕೊಂಡರು. ಹುಡುಗ ಅದನ್ನ ಮರೆಯಲಿಲ್ಲ. ಮುಂದೆ ಎಂಟು ಕಿರಣಗಳ ಆ ಧೂಮಕೇತುವನ್ನ ತನ್ನ ದಿನಾರಿಯಸ್ ನಾಣ್ಯದ ಮೇಲೆ ಅಚ್ಚೊತ್ತಿಸಿದ.

ದಿನಾರಿಯಸ್ ಅಂದರೆ ಸುಮಾರು 3.9 ಗ್ರಾಂ ತೂಕದ, ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ ನಾಣ್ಯ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿ ಬಿಲ್ಲೆ, ಮೇಲಿಂದ ಸುತ್ತಿಗೆ ಪೆಟ್ಟು. ಅಷ್ಟೇ ತಂತ್ರಜ್ಞಾನ. ಸೈನಿಕನ ಸಂಬಳ ವರ್ಷಕ್ಕೆ 225 ದಿನಾರಿಯಸ್. ಪೇಪರ್, ಟಿವಿ ಇಲ್ಲದ ಕಾಲದಲ್ಲಿ ಆಂಟನಿ, ಕ್ಲಿಯೋಪಾತ್ರರನ್ನ ಸೋಲಿಸಿದ ಸುದ್ದಿ ಮೊಸಳೆಯ ಚಿತ್ರವಾಗಿ ಜನರ ಕೈಗೆ ಬಂತು. ಮೊಸಳೆ ಅಂದರೆ ಈಜಿಪ್ಟ್. ಕ್ರಿ.ಪೂ. 20ರಲ್ಲಿ ಪಾರ್ಥಿಯನ್ನರು ಹಿಂದೆ ಕಿತ್ತುಕೊಂಡಿದ್ದ ರೋಮನ್ ಸೇನಾಧ್ವಜಗಳನ್ನ ವಾಪಸ್ ಕೊಟ್ಟರು. ಕೊಟ್ಟಿದ್ದು ಮಾತುಕತೆಯಿಂದ. ನಾಣ್ಯದ ಮೇಲೆ ನೋಡಿದರೆ ಪಾರ್ಥಿಯನ್ ಮಂಡಿಯೂರಿ ಒಪ್ಪಿಸ್ತಿದ್ದಾನೆ. ಜಾತಕದ ನಂಬಿಕೆಯೂ ಜೋರಿತ್ತು. ಮಕರ ರಾಶಿಯ ಚಿಹ್ನೆಯನ್ನೂ ಹಾಕಿಸಿದ.

ಇಷ್ಟೆಲ್ಲ ಇದ್ದರೂ ಗಂಡುಮಗ ಇರಲಿಲ್ಲ. ಮಗಳು ಜೂಲಿಯಾಳ ಮಕ್ಕಳು ಗಾಯಸ್, ಲೂಸಿಯಸ್ ಇಬ್ಬರನ್ನೂ ದತ್ತು ತಗೊಂಡ. ಕ್ರಿ.ಪೂ. 2ರ ಹೊತ್ತಿಗೆ ಈಗಿನ ಫ್ರಾನ್ಸ್‌ನ ಲಿಯಾನ್ ಟಂಕಸಾಲೆಯಿಂದ ಹೊಸ ದಿನಾರಿಯಸ್ ಬಂತು. ಒಂದು ಕಡೆ ಎಂದಿನ ಯುವಕ ಅಗಸ್ಟಸ್, ಇನ್ನೊಂದು ಕಡೆ ಗುರಾಣಿ, ಈಟಿ ಹಿಡಿದು ನಿಂತ ಈ ಇಬ್ಬರು ಹುಡುಗರು. ನನ್ನ ನಂತರ ಇವರೇ ಅನ್ನೋದು ಅದರ ಅರ್ಥ. ಕ್ರಿ.ಶ. 2ರಲ್ಲಿ ಲೂಸಿಯಸ್ ಸತ್ತ. ಕ್ರಿ.ಶ. 4ರಲ್ಲಿ, ಗಾಯಗೊಂಡಿದ್ದ ಗಾಯಸ್ ಕೂಡ ಹೋದ, 23ನೇ ವಯಸ್ಸಿಗೆ. ಮುದುಕನ ಕೈಗೆ ಬರುವ ಬೆಳ್ಳಿಯಲ್ಲಿ ಮೊಮ್ಮಕ್ಕಳು ಮಾತ್ರ ಹಾಗೇ ನಿಂತಿದ್ದರು. ಬೇರೆ ದಾರಿಯಿಲ್ಲದೆ ಹೆಂಡತಿ ಲಿವಿಯಾಳ ಮೊದಲ ಮದುವೆಯ ಮಗ ಟೈಬೀರಿಯಸ್‌ನನ್ನ ದತ್ತು ತಗೊಂಡ. ಕ್ರಿ.ಶ. 14ರ ಆಗಸ್ಟ್ 19ರಂದು ನೋಲಾ ಊರಲ್ಲಿ ಕಣ್ಣುಮುಚ್ಚಿದ. ಆ ತಿಂಗಳಿಗೆ ಆಗಲೇ ಅವನದೇ ಹೆಸರಿತ್ತು.

ಮೆಣಸು, ಮುತ್ತುಗಳ ವ್ಯಾಪಾರದ ಜೊತೆ ಅವನ ದಿನಾರಿಯಸ್‌ಗಳು ದಕ್ಷಿಣ ಭಾರತಕ್ಕೂ ಬಂದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, 1891ರಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ ನಮ್ಮ ಯಶವಂತಪುರದಲ್ಲೂ ಸಿಕ್ಕಿವೆ. ಭಾರತದಲ್ಲಿ ಸಿಗುವ ಅಗಸ್ಟಸ್ ದಿನಾರಿಯಸ್‌ಗಳಲ್ಲಿ ಹೆಚ್ಚಿನವು ಆ ಇಬ್ಬರು ಹುಡುಗರವೇ. ನಕಲುಗಳೂ ಇವೆ. ಅವುಗಳಲ್ಲಿ ಲ್ಯಾಟಿನ್ ಅಕ್ಷರ ಓದಲಾಗದ ಗೀಚು. ಗುರಾಣಿ, ಈಟಿ ಮಾತ್ರ ಗುರುತು ಸಿಗುತ್ತೆ.