ಮಂಡಿಯ ತಕ್ಕಡಿಗೆ ಕಾನೂನು ತಂದ ಛೋಟು ರಾಂ

ಮಗನ ಓದಿಗೆ ಸಾಲ ಕೇಳಲು ಹೋದ ರೈತನ ಕೈಗೆ ಸಾಹುಕಾರ ಕೊಟ್ಟದ್ದು ಪಂಖದ ಹಗ್ಗ. ಎಳೆದು ಗಾಳಿ ಬೀಸೆಂದು ತಂದೆಗೆ ಆಜ್ಞಾಪಿಸಿದ್ದನ್ನು ಕಂಡ ಬಾಲಕ ಛೋಟು ರಾಂ ಆ ಅವಮಾನವನ್ನು ಕಡೆಯವರೆಗೂ ಮರೆಯಲಿಲ್ಲವೆಂದು ಹರಿಯಾಣದಲ್ಲಿ ಇಂದಿಗೂ ಹೇಳುತ್ತಾರೆ.

1881ರಲ್ಲಿ ರೋಹ್ತಕ್ ಜಿಲ್ಲೆಯ ಗಢಿ ಸಾಂಪ್ಲಾದಲ್ಲಿ ಜನಿಸಿದ ಅವರು ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ, ಮುಂದೆ ವಕೀಲರಾದರು. 1923ರಲ್ಲಿ ಫಜ್ಲ್-ಇ-ಹುಸೇನ್ ಅವರೊಡನೆ ಯೂನಿಯನಿಸ್ಟ್ ಪಕ್ಷ ಕಟ್ಟಿದರು. 1937ರಲ್ಲಿ ಅವಿಭಜಿತ ಪಂಜಾಬಿನ ಸಚಿವರಾದರು.

ಆಗಿನ ಮಂಡಿಯ ವ್ಯವಹಾರ ವಿಚಿತ್ರವಾಗಿತ್ತು. ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಿಗೇ ಅದು ತಿಳಿಯುತ್ತಿರಲಿಲ್ಲ. ತೂಕದ ಕಲ್ಲು ವ್ಯಾಪಾರಿಯದೇ. ದಲಾಲಿ, ಹಮಾಲಿ ಸಾಲದೆಂಬಂತೆ ಧರ್ಮಾದಾಯ, ಗೋಶಾಲೆಗಳ ಹೆಸರಿನಲ್ಲಿಯೂ ಕಡಿತ. ದಾನದ ಪುಣ್ಯ ಯಾರಿಗೆ ಸಂದಿತೋ, ಹಣವಂತೂ ರೈತನದು! ಅಡತಿಯವನೇ ಸಾಲ ಕೊಟ್ಟವನೂ ಆಗಿರುತ್ತಿದ್ದುದರಿಂದ ಬೇರೆ ಅಂಗಡಿಗೆ ಗಾಡಿ ತಿರುಗಿಸುವ ಧೈರ್ಯ ಯಾರಿಗಿತ್ತು?

1938ರಲ್ಲಿ ಲೇವಾದೇವಿದಾರರ ನೋಂದಣಿ ಕಾಯ್ದೆ, 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದವು. ವ್ಯಾಪಾರಿಗೆ ಪರವಾನಗಿ ಕಡ್ಡಾಯವಾಯಿತು, ತೂಕ ಮತ್ತು ಕಡಿತಗಳ ಮೇಲೆ ನಿಗಾ ಬಂತು, ಮಾರುಕಟ್ಟೆ ಸಮಿತಿಯ ಮೂರನೇ ಎರಡರಷ್ಟು ಸ್ಥಾನ ಬೆಳೆಗಾರರಿಗೆ ಮೀಸಲಾಯಿತು. ಪೇಟೆಯ ವರ್ತಕರು ಇವನ್ನು ಕರಾಳ ಕಾನೂನುಗಳೆಂದು ಜರೆದರು. ಹಳ್ಳಿಗಳಿಗೆ ಅವು ಸುವರ್ಣ ಕಾನೂನುಗಳಾದವು. ಗಮನಿಸಬೇಕಾದ ಸಂಗತಿಯೆಂದರೆ, ಛೋಟು ರಾಂ ದಲ್ಲಾಳಿಯನ್ನು ತೆಗೆದುಹಾಕಲಿಲ್ಲ. ಧಾನ್ಯ ಕೂಡಿಡುವ, ಮುಂಗಡ ಕೊಡುವ, ದೂರದ ಕೊಳ್ಳುವವನನ್ನು ಹುಡುಕುವ ಕೆಲಸಕ್ಕೆ ಬೇರೆ ಜನ ಇರಲಿಲ್ಲ.

ಅವರ ದೃಷ್ಟಿಗೂ ಮಿತಿಯಿತ್ತು. ಜಮೀನಿಲ್ಲದ ಕೂಲಿಕಾರನಿಗೆ ಮಾರುಕಟ್ಟೆ ಕಾಯ್ದೆಯಿಂದ ದಕ್ಕಿದ್ದು ಅಲ್ಪ. ಯುದ್ಧಕಾಲದಲ್ಲಿ ಗೋಧಿಯ ಬೆಲೆ ನಿಯಂತ್ರಣವನ್ನು ಅವರು ಬಲವಾಗಿ ವಿರೋಧಿಸಿದರು. ಬೆಳೆದವನಿಗೆ ಅದು ನ್ಯಾಯವೇ; ಆದರೆ 1943ರಲ್ಲಿ ಬಂಗಾಳ ಹಸಿವಿನಿಂದ ಸಾಯುತ್ತಿದ್ದಾಗ ಕೊಂಡು ತಿನ್ನುವವನ ಪಾಡೇನು ಎಂಬ ಪ್ರಶ್ನೆಗೆ ಅವರ ರಾಜಕಾರಣದಲ್ಲಿ ಸಮಾಧಾನಕರ ಉತ್ತರ ಸಿಗುವುದಿಲ್ಲ.

1945ರ ಜನವರಿ 9ರಂದು ಲಾಹೋರಿನಲ್ಲಿ ಅವರು ನಿಧನರಾದರು. ನಮ್ಮ ಎಪಿಎಂಸಿಗಳಿಗೆ ಆಧಾರವಾದ ಕರ್ನಾಟಕದ ಕಾಯ್ದೆ ಬಂದದ್ದು 1966ರಲ್ಲಿ. ಮಂಡಿಯ ಹೊರಗೆ ವ್ಯಾಪಾರಕ್ಕೆ ಅವಕಾಶ ನೀಡಿದ 2020ರ ಕೇಂದ್ರ ಕಾಯ್ದೆಯನ್ನು, 2021ರಲ್ಲಿ ಅದು ರದ್ದಾಗುವವರೆಗೂ, ರೋಹ್ತಕ್ ರಸ್ತೆಯ ಟಿಕ್ರಿ ಗಡಿಯಲ್ಲಿ ಕುಳಿತ ರೈತರು ಕರಾಳ ಕಾನೂನೆಂದೇ ಕರೆದರು. ಈ ಬಾರಿ ಪಂಜಾಬಿನ ಅಡತಿಗಳೂ ಅವರ ಪರವಾಗಿದ್ದರು.