ಪ್ರತಿಧ್ವನಿಗೆ ಕಿವಿಗೊಟ್ಟ ಪ್ರಸೂತಿತಜ್ಞ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ವೃತ್ತಿಯ ನಿಮಿತ್ತ ಈ ನಾಲ್ಕೂ ಊರುಗಳಲ್ಲಿ ನಾನು ಗರ್ಭಿಣಿಯರ ಸ್ಕ್ಯಾನಿಂಗ್ ಮಾಡಿದ್ದೇನೆ. ಎಲ್ಲಿ ಹೋದರೂ ಗೋಡೆಯ ಮೇಲೆ, ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧವೆಂದು ಸಾರುವ ಫಲಕ ಇದ್ದೇ ಇರುತ್ತದೆ. ಅದರ ಕೆಳಗಿನ ಬೆಂಚಿನ ಮೇಲೆ ಮೂತ್ರಕೋಶ ತುಂಬಲೆಂದು ನೀರು ಕುಡಿಯುತ್ತ ಕಾದು ಕುಳಿತ ಹೆಂಗಸರು. ತುಂಬಿದ ಮೂತ್ರಕೋಶ ಕರುಳನ್ನು ಬದಿಗೆ ಸರಿಸಿ, ಎಳೆಯ ಗರ್ಭವನ್ನು ಕಾಣಿಸುವ ಕಿಟಕಿಯಾಗುತ್ತದೆಂದು 1963ರಲ್ಲಿ ಕಂಡುಕೊಂಡವರು ಗ್ಲಾಸ್ಗೋದ ಇಯಾನ್ ಡೊನಾಲ್ಡ್. ಆ ನೀರಿಗೂ ಈ ಫಲಕಕ್ಕೂ ಮೂಲ ಒಬ್ಬನೇ ಮನುಷ್ಯನ ಬದುಕಿನಲ್ಲಿದೆ.

ಡೊನಾಲ್ಡ್ 1910ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವೈದ್ಯರ ಮನೆತನದಲ್ಲಿ ಹುಟ್ಟಿದರು. ದಕ್ಷಿಣ ಆಫ್ರಿಕದಲ್ಲಿ ಭಾಷೆ, ಸಂಗೀತಗಳನ್ನು ಓದಿ, ಬಳಿಕ ಲಂಡನ್ನಿನಲ್ಲಿ ವೈದ್ಯರಾದರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ, ಒಳಗೆ ಬಾಂಬುಗಳಿದ್ದ ಉರಿಯುವ ವಿಮಾನದಿಂದ ಯೋಧರನ್ನು ಹೊರಗೆಳೆದು ಗೌರವಕ್ಕೆ ಪಾತ್ರರಾದರು. ಕಣ್ಣಿಗೆ ಕಾಣದ ವಸ್ತುವನ್ನು ಅದರಿಂದ ಮರಳುವ ಅಲೆಯಿಂದ ಗುರುತಿಸುವ ರಾಡಾರ್ ಮತ್ತು ಸೋನಾರ್ ವಿದ್ಯೆಗಳ ಪರಿಚಯವೂ ಯುದ್ಧಕಾಲದಲ್ಲೇ ಆಯಿತು. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರ ಪ್ರಾಧ್ಯಾಪಕ ಪೀಠ ಅವರಿಗೆ ಒಲಿಯಿತು.

ಊರಿನ ಸಮೀಪದಲ್ಲೇ ಬಾಯ್ಲರುಗಳನ್ನು ತಯಾರಿಸುವ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಾರ್ಖಾನೆಯಿತ್ತು. ಅಲ್ಲಿ ಲೋಹದೊಳಗಿನ ಬಿರುಕನ್ನು ಶ್ರವಣಾತೀತ ಧ್ವನಿಯಿಂದ ಪತ್ತೆಮಾಡುತ್ತಿದ್ದರು. 1955ರ ಜುಲೈಯಲ್ಲಿ ಡೊನಾಲ್ಡ್, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ದನದ ಮಾಂಸದ ಒಂದು ತುಂಡನ್ನೂ ಒದಗಿಸಿದರಂತೆ! ಗಟ್ಟಿ ಗಡ್ಡೆಯ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ ಚೀಲದ್ದೇ ಬೇರೆ. ಮುಂದೆ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರ್ ಯಂತ್ರ ಕಟ್ಟಿಕೊಟ್ಟರು, ಜಾನ್ ಮ್ಯಾಕ್‌ವಿಕರ್ ಎಂಬ ಕಿರಿಯ ವೈದ್ಯರು ಜೊತೆಗೂಡಿದರು. ಪ್ರಸೂತಿತಜ್ಞನೊಬ್ಬ ಬಾಯ್ಲರ್ ಪರೀಕ್ಷಿಸುವ ಯಂತ್ರವನ್ನು ಹೆಂಗಸರ ಹೊಟ್ಟೆಯ ಮೇಲಿಟ್ಟರೆ ನಗದವರುಂಟೆ?

ಆ ನಗೆಯನ್ನು ನಿಲ್ಲಿಸಿದ್ದು ಒಬ್ಬ ರೋಗಿ. ಹೊಟ್ಟೆ ಉಬ್ಬಿದ್ದ ಆಕೆಗೆ ಜಠರದ ಕ್ಯಾನ್ಸರ್, ಶಸ್ತ್ರಚಿಕಿತ್ಸೆಗೂ ಮೀರಿದ್ದು ಎಂದು ವೈದ್ಯರು ಕೈಚೆಲ್ಲಿದ್ದರು. ಡೊನಾಲ್ಡ್‌ರ ಯಂತ್ರ ತೋರಿಸಿದ್ದು ಕ್ಯಾನ್ಸರಿನ ನೀರನ್ನಲ್ಲ, ಅಂಚು ಸ್ಪಷ್ಟವಾಗಿದ್ದ ಭಾರೀ ಚೀಲವನ್ನು. ಹೊಟ್ಟೆ ತೆರೆದಾಗ ಅಂಡಾಶಯದ ಚೀಲಗಡ್ಡೆ ಹೊರಬಂತು, ಆಕೆ ಬದುಕಿದಳು. 1958ರ ಜೂನ್ 7ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವರ ಲೇಖನ ಪ್ರಕಟವಾಯಿತು.

ಗರ್ಭದೊಳಗನ್ನು ನೋಡಲು ಇನ್ನೊಂದು ದಾರಿಯೂ ತೆರೆಯುತ್ತಿತ್ತು. 1954ರಲ್ಲೇ ಸ್ವೀಡನ್ನಿನ ವೆಸ್ಟಿನ್ ದರ್ಶಕನಳಿಕೆಯನ್ನು ಗರ್ಭಕೋಶದೊಳಗೆ ಇಳಿಸಿ ಭ್ರೂಣವನ್ನು ಕಣ್ಣಾರೆ ಕಂಡಿದ್ದರು. ಇದೇ ಫೀಟೋಸ್ಕೋಪಿ. ಎಪ್ಪತ್ತರ ದಶಕದಲ್ಲಿ ಈ ವಿಧಾನದಿಂದ ಭ್ರೂಣದ ರಕ್ತ ತೆಗೆದು ಥಲಸ್ಸೀಮಿಯಾದಂಥ ರೋಗಗಳನ್ನು ಗುರುತಿಸಿದರು. ಆದರೆ ನುರಿತ ಕೈಗಳಲ್ಲೂ ಗರ್ಭಪಾತದ ಭಯ ತಪ್ಪಿರಲಿಲ್ಲ. 1983ರಲ್ಲಿ ಫ್ರಾನ್ಸಿನ ಡಾಫೋಸ್ ಮತ್ತು ಸಂಗಡಿಗರು ಸ್ಕ್ಯಾನಿನ ಪರದೆ ನೋಡುತ್ತಲೇ ಹೊಕ್ಕುಳಬಳ್ಳಿಗೆ ತೆಳು ಸೂಜಿ ಚುಚ್ಚಿ ರಕ್ತ ತೆಗೆಯುವ ವಿಧಾನ ರೂಪಿಸಿದ ಮೇಲೆ, ರೋಗ ಪತ್ತೆಗೆ ಫೀಟೋಸ್ಕೋಪಿಯ ಅಗತ್ಯ ಬಹುಮಟ್ಟಿಗೆ ತೀರಿತು. ಈಗ ಅದು ಚಿಕಿತ್ಸೆಯ ಸಾಧನ; ಒಂದೇ ಮಾಸು ಹಂಚಿಕೊಂಡ ಅವಳಿಗಳ ನಡುವಿನ ರಕ್ತನಾಳಗಳನ್ನು ಲೇಸರ್‌ನಿಂದ ಮುಚ್ಚಲು ಬಳಕೆಯಾಗುತ್ತಿದೆ. ಕಣ್ಣಿನ ಕೆಲಸವನ್ನು ಡೊನಾಲ್ಡ್‌ರ ಪ್ರತಿಧ್ವನಿ ವಹಿಸಿಕೊಂಡಿತು.

ಡೊನಾಲ್ಡ್ ಧರ್ಮನಿಷ್ಠ ಕ್ರೈಸ್ತ. ಬ್ರಿಟನ್ನಿನ 1967ರ ಗರ್ಭಪಾತ ಕಾಯಿದೆಯನ್ನು ಬಹಿರಂಗವಾಗಿ ವಿರೋಧಿಸಿದರು. ಅವರ ನಿಲುವು ಪೂರ್ತಿಯಾಗಿ ನನ್ನದಲ್ಲ. ಗರ್ಭ ಹೊರುವವಳ ಮಾತಿಗೆ ಅದರಲ್ಲಿ ಜಾಗ ಸಾಲದು. ಆದರೂ ಹೃದಯದ ಕವಾಟದ ರೋಗಕ್ಕೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೂ ದುಡಿದ ಈ ಮನುಷ್ಯನ ಯಂತ್ರವೇ ನಮ್ಮ ದೇಶದಲ್ಲಿ ಹೆಣ್ಣುಭ್ರೂಣದ ಬೇಟೆಗೆ ಒದಗಿದ್ದನ್ನು ನೆನೆದರೆ ಸಂಕಟವಾಗುತ್ತದೆ. ಅವರು ತೀರಿಕೊಂಡದ್ದು 1987ರ ಜೂನ್ 19ರಂದು. ಮರುವರ್ಷವೇ ಇಂಡಿಯಿಂದ ಭೀಮೆಯಾಚೆಗಿನ ಮಹಾರಾಷ್ಟ್ರ ಲಿಂಗಪತ್ತೆಯ ವಿರುದ್ಧ ಕಾನೂನು ಮಾಡಿತು. 1994ರಲ್ಲಿ ಕೇಂದ್ರದ ಕಾಯಿದೆ ಬಂತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಅಕ್ಕನಿಗಿಲ್ಲದ ಜನಿವಾರ ತನಗೇಕೆಂದು ಬಾಲಕ ಬಸವಣ್ಣ ಉಪನಯನ ಒಲ್ಲೆನೆಂದ ಐತಿಹ್ಯವನ್ನು ಬಾಗೇವಾಡಿಯ ಮಕ್ಕಳೂ ಬಲ್ಲರು. ಅದೇ ನೆಲದಲ್ಲಿ, ಕೂಸು ಯಾವುದೆಂದು ಸನ್ನೆಯಲ್ಲಾದರೂ ತಿಳಿಸಿರೆಂದು ಅತ್ತೆಯಂದಿರು ನನ್ನ ಮುಂದೆ ಕೈಮುಗಿದದ್ದುಂಟು.

ಆದರೆ ಈ ಯಂತ್ರವನ್ನು ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ. ಸೋದರಮಾವನೊಂದಿಗೆ, ಸೋದರತ್ತೆಯ ಮಗನೊಂದಿಗೆ ಮದುವೆ ನಮ್ಮ ಸೀಮೆಯಲ್ಲಿ ಇಂದಿಗೂ ಅಪರೂಪವಲ್ಲ. ಗಂಡ-ಹೆಂಡಿರಿಬ್ಬರೂ ಒಂದೇ ದೋಷಯುಕ್ತ ವಂಶವಾಹಿಯ ವಾಹಕರಾಗಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವ. 1994ರ ಕಾಯಿದೆ ಇಂಥ ತಪಾಸಣೆಯನ್ನು ನಿಷೇಧಿಸಿಲ್ಲ, ನಿಯಮಗಳಿಗೆ ಒಳಪಡಿಸಿ ಉಳಿಸಿದೆ. ಭ್ರೂಣದ ಅಂಗಾಂಗಗಳನ್ನು ಕೂಲಂಕಷವಾಗಿ ನೋಡಲು ತಕ್ಕ ಸಮಯ 18ರಿಂದ 20ನೆಯ ವಾರ. ಬೆನ್ನುಹುರಿ ತೆರೆದ ಕೂಸನ್ನು ಹೊತ್ತು ಏಳು, ಎಂಟನೆಯ ತಿಂಗಳಲ್ಲಿ ಮೊದಲ ಬಾರಿ ಸ್ಕ್ಯಾನಿಂಗಿಗೆ ಬಂದವರನ್ನು ನಾನು ಕಂಡಿದ್ದೇನೆ. ಸುಗ್ಗಿ ಮುಗಿಯಲಿ ಎಂದೋ, ಕಬ್ಬು ಕಡಿಯಲು ಹೋದ ಗಂಡ ಮರಳಲಿ ಎಂದೋ ಅವರು ಕಾದಿದ್ದರು. ವಿಶೇಷ ಸಂದರ್ಭಗಳಲ್ಲಿ ಗರ್ಭಪಾತದ ಮಿತಿಯನ್ನು 24 ವಾರಕ್ಕೆ ಏರಿಸಿ, ಗಂಭೀರ ನ್ಯೂನತೆಯಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಂದ ಅದನ್ನೂ ಮೀರಲು 2021ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆ ತಿದ್ದುಪಡಿಯ ಸುದ್ದಿ, ನಾನು ಕೇಳಿ ನೋಡಿದಂತೆ, ಬೆಂಚಿನ ಮೇಲೆ ಕುಳಿತವರಲ್ಲಿ ಒಬ್ಬರಿಗೂ ತಲುಪಿರಲಿಲ್ಲ.